ಹೊರಗಿನವರ ಕಣ್ಣಿನಲ್ಲಿ ಅಮೆರಿಕದ ಅಧ್ಯಕ್ಷ

ನಮ್ಮ ಭಾಷೆಯಲ್ಲಿ ‘ಮತ’ ಎಂಬ ಶಬ್ದಕ್ಕೆ ಅಭಿಪ್ರಾಯವೆಂಬ ಅರ್ಥವೂ ಉಂಟು, ಚುನಾವಣೆಯ ಪೆಟ್ಟಿಗೆಯಲ್ಲಿ ಬೀಳುವ ಮತವೆಂಬ ಅರ್ಥವೂ ಉಂಟು. ಶಬ್ದದೊಳಗೆ ಒಂದಾಗಿರುವ ಈ ಎರಡು ಅರ್ಥಗಳು ಲೋಕವ್ಯವಹಾರದಲ್ಲಿ ಯಾವಾಗಲೂ ಒಂದಾಗಿರುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರ ವಿಷಯವನ್ನೇ ನೋಡಿ. ಅವರನ್ನು ಆರಿಸುವ ಮತ ಆ ದೇಶದ ಪ್ರಜೆಗಳದು. ಅವರ ನಿರ್ಧಾರಗಳಿಂದ ಹಸಿವು ಹಿಂಗಿದವರು, ಮನೆಮಾರು ಕಳೆದುಕೊಂಡವರು, ಯುದ್ಧಕ್ಕೆ ಸಿಕ್ಕಿದವರು, ಯುದ್ಧದಿಂದ ಪಾರಾದವರು ಎಷ್ಟೋ ವೇಳೆ ಬೇರೆ ದೇಶಗಳವರು. ಈ ಎರಡನೆಯ ಗುಂಪಿನವರಿಗೆ ಉಳಿದಿರುವುದು ಮೊದಲನೆಯ ಅರ್ಥದ ಮತ ಮಾತ್ರ. ಅದು ಹೇಗೆ ರೂಪುಗೊಳ್ಳುತ್ತದೆ, ಅದಕ್ಕೇನಾದರೂ ಬೆಲೆಯುಂಟೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಹೊರಗಿನ ಜನ ಅಮೆರಿಕದ ಅಧ್ಯಕ್ಷರನ್ನು ಮೆಚ್ಚುವುದೂ ಜರೆಯುವುದೂ ಅವರ ವ್ಯಕ್ತಿತ್ವವನ್ನು ನೋಡಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ಕೆನೆಡಿಯವರ ತಾರುಣ್ಯ, ರೇಗನ್ನರ ನಟನಾಚಾತುರ್ಯ, ಒಬಾಮಾರ ವಾಗ್ವೈಖರಿ ಇವೆಲ್ಲ ಪತ್ರಿಕೆಗಳಿಗೆ ಒಳ್ಳೆಯ ಸಾಮಗ್ರಿ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಕಳೆದ ನೂರು ವರ್ಷಗಳ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ವ್ಯಕ್ತಿಯ ಪಾಲು ನಾವು ಎಣಿಸುವುದಕ್ಕಿಂತ ಚಿಕ್ಕದೆಂದು ತೋರುತ್ತದೆ. ಅಮೆರಿಕದವರ ಲೆಕ್ಕ ನಾಲ್ಕು ವರ್ಷಕ್ಕೋ ಎಂಟು ವರ್ಷಕ್ಕೋ ಮುಗಿದುಹೋಗುತ್ತದೆ; ಹೊಸ ಅಧ್ಯಕ್ಷ ಬಂದನೆಂದರೆ ಹೊಸ ಪುಸ್ತಕ. ಹೊರಗಿನವರು ಹಾಗೆ ಮಾಡುವುದಿಲ್ಲ. ಅವರದು ಒಂದೇ ಖಾತೆ. ತಾತ ಮಾಡಿದ ಸಾಲ ಮೊಮ್ಮಗನ ಹೆಸರಿಗೆ ಏರುವಂತೆ, ಹಿಂದಿನ ಅಧ್ಯಕ್ಷರ ಪಾಪಪುಣ್ಯಗಳು ಮುಂದಿನವರ ತಲೆಗೆ ಬರುತ್ತವೆ.

ಕಥೆಯನ್ನು ವುಡ್ರೋ ವಿಲ್ಸನ್ನರಿಂದ ಪ್ರಾರಂಭಿಸುವುದು ಉಚಿತ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1918ರ ಡಿಸೆಂಬರ್ 13ರಂದು ಅವರು ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಹಡಗಿನಿಂದ ಇಳಿದರು. ಅಧಿಕಾರದಲ್ಲಿದ್ದ ಅಮೆರಿಕದ ಅಧ್ಯಕ್ಷರೊಬ್ಬರು ಯೂರೋಪಿನ ನೆಲವನ್ನು ಮೆಟ್ಟಿದ್ದು ಅದೇ ಮೊದಲು. ಪ್ಯಾರಿಸ್, ಲಂಡನ್, ರೋಮ್, ಮಿಲಾನ್ ನಗರಗಳಲ್ಲಿ ಜನ ಅವರನ್ನು ಅವತಾರ ಪುರುಷರೆಂಬಂತೆ ಎದುರುಗೊಂಡರು. ಆದರೆ ನಿಜವಾದ ನಿರೀಕ್ಷೆ ಹುಟ್ಟಿದ್ದು ಯೂರೋಪಿನಲ್ಲಲ್ಲ, ಯೂರೋಪು ಆಳುತ್ತಿದ್ದ ದೇಶಗಳಲ್ಲಿ. ಜನಾಂಗಗಳು ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸಿಕೊಳ್ಳಬೇಕೆಂದು ವಿಲ್ಸನ್ನರು ಹೇಳಿದ ಮಾತು ತಂತಿಯ ಮೇಲೆ ಓಡಿ ಕೈರೋ, ಪೀಕಿಂಗ್, ಪುಣೆಗಳನ್ನು ಮುಟ್ಟಿತು. ಮದರಾಸಿನ ನಿವೃತ್ತ ನ್ಯಾಯಾಧೀಶರಾದ ಸರ್ ಎಸ್. ಸುಬ್ರಹ್ಮಣ್ಯ ಅಯ್ಯರ್ ಅವರು 1917ರಲ್ಲಿಯೇ ವಿಲ್ಸನ್ನರಿಗೆ ಪತ್ರ ಬರೆದು ಭಾರತಕ್ಕೆ ಸ್ವರಾಜ್ಯ ದೊರಕಿಸಲು ನೆರವು ಕೋರಿದ್ದರು. ಈ ಪತ್ರ ಬ್ರಿಟಿಷ್ ಸರ್ಕಾರದ ಕೋಪಕ್ಕೆ ಕಾರಣವಾದಾಗ ವೃದ್ಧರು ತಮ್ಮ ‘ಸರ್’ ಬಿರುದನ್ನೇ ಹಿಂದಿರುಗಿಸಿಬಿಟ್ಟರು. ಲೋಕಮಾನ್ಯ ತಿಲಕರೂ 1919ರಲ್ಲಿ ವಿಲ್ಸನ್ನರಿಗೆ ಬರೆದರು. ಬಂದದ್ದು ಸೌಜನ್ಯದ ಒಂದು ಉತ್ತರ, ಅಷ್ಟೆ.

ಮುಂದಿನದು ವಿಷಾದದ ಅಧ್ಯಾಯ. ಈಜಿಪ್ಟಿನ ನಾಯಕ ಸಾದ್ ಜಗ್ಲೂಲ್ ತಮ್ಮ ದೇಶದ ಅಹವಾಲನ್ನು ವಿಲ್ಸನ್ನರ ಮುಂದಿಡುವ ಆಸೆಯಿಂದ ಪ್ಯಾರಿಸಿಗೆ ಬಂದ ಹೊತ್ತಿಗೆ, 1919ರ ಏಪ್ರಿಲ್‌ನಲ್ಲಿ, ಈಜಿಪ್ಟಿನ ಮೇಲೆ ಬ್ರಿಟನ್ನಿಗಿದ್ದ ರಕ್ಷಣಾಧಿಕಾರವನ್ನು ಅಮೆರಿಕ ಅಂಗೀಕರಿಸಿಯಾಗಿತ್ತು. ಚೀನದ ಶಾನ್‌ಡಾಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳು ಜಪಾನಿಗೆ ಹೋದುವು. ಮೇ 4ರಂದು ಪೀಕಿಂಗಿನ ವಿದ್ಯಾರ್ಥಿಗಳು ಬೀದಿಗೆ ಇಳಿದರು. ಆಧುನಿಕ ಚೀನದ ಚರಿತ್ರೆಯಲ್ಲಿ ಆ ದಿನ ಒಂದು ಮೈಲಿಗಲ್ಲು. ಅದೇ ವರ್ಷ ಪ್ಯಾರಿಸಿನಲ್ಲಿ ಒಬ್ಬ ಬಡ ವಿಯೆಟ್ನಾಮಿ ಯುವಕ, ‘ನ್ಗುಯೆನ್ ಐ ಕ್ವೊಕ್’ ಎಂಬ ಹೆಸರಿನಲ್ಲಿ, ತನ್ನ ದೇಶದ ಜನರಿಗೆ ಮೂಲಭೂತ ಹಕ್ಕುಗಳನ್ನು ಕೇಳುವ ಮನವಿಯೊಂದನ್ನು ಶಾಂತಿಸಭೆಗೆ ಕಳುಹಿಸಿದ. ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಆ ಯುವಕನೇ ಮುಂದೆ ಹೋ ಚಿ ಮಿನ್ ಎಂದು ಪ್ರಸಿದ್ಧನಾದವನು. ಅವನ ದೇಶದ ಕಡೆಗೆ ಮತ್ತೆ ಬರುತ್ತೇನೆ.

ವಿಲ್ಸನ್ನರು ಕಪಟಿಯೆಂದು ನಾನು ಭಾವಿಸುವುದಿಲ್ಲ. ಪೋಲಂಡ್, ಜೆಕೊಸ್ಲೊವಾಕಿಯಗಳಂಥ ನಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಆಡಿದ ಮಾತನ್ನು ಏಷ್ಯ ಆಫ್ರಿಕಗಳ ಜನ ತಮಗೂ ಅನ್ವಯಿಸಿಕೊಂಡರು. ಮಾತಿನ ಗುಣವೇ ಅದು. ಒಮ್ಮೆ ಬಾಯಿ ಬಿಟ್ಟು ಹೊರಟಮೇಲೆ ಅದು ಕೇಳಿದವನ ಸ್ವತ್ತು. ಅಮೆರಿಕದ ಅಧ್ಯಕ್ಷರಿಗೂ ಉಳಿದ ರಾಷ್ಟ್ರನಾಯಕರಿಗೂ ಇರುವ ಒಂದು ದೊಡ್ಡ ವ್ಯತ್ಯಾಸವನ್ನು ಇಲ್ಲಿ ಕಾಣಬಹುದು. ರಷ್ಯದ ಅಥವಾ ಚೀನದ ನಾಯಕ ಸ್ವಾತಂತ್ರ್ಯದ ಮಾತಾಡಿದರೆ ಹೊರಗಿನವರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಅಧ್ಯಕ್ಷ ಆಡಿದರೆ ಹಿಡಿಯುತ್ತಾರೆ. ಆದುದರಿಂದಲೇ ನಿರಾಶೆಯೂ ಅಧಿಕ.

ಒಬ್ಬನೇ ಅಧ್ಯಕ್ಷ, ಒಂದೇ ಪ್ರವಾಸ, ಎರಡು ಬೇರೆ ನೆನಪುಗಳು, ಇದಕ್ಕೆ ಜಿಮ್ಮಿ ಕಾರ್ಟರರಿಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. 1977ರ ಡಿಸೆಂಬರ್ 31ರ ರಾತ್ರಿ ಅವರು ಟೆಹರಾನಿನಲ್ಲಿದ್ದರು. ಷಾ ಏರ್ಪಡಿಸಿದ್ದ ಔತಣದಲ್ಲಿ, ತೊಂದರೆಗಳಿಂದ ತುಂಬಿದ ಪ್ರದೇಶದಲ್ಲಿ ಇರಾನು ಸ್ಥಿರತೆಯ ಒಂದು ದ್ವೀಪದಂತಿದೆ ಎಂದು ಹೊಗಳಿದರು. ಮಾರನೆಯ ದಿನ, ಹೊಸ ವರ್ಷದ ಮೊದಲ ದಿನ, ದೆಹಲಿಗೆ ಬಂದಿಳಿದರು. ಜನವರಿ 3ರಂದು ದೆಹಲಿಯ ಸಮೀಪದಲ್ಲಿರುವ ಹರಿಯಾಣದ ದೌಲತಪುರ ನಾಸಿರಾಬಾದ್ ಎಂಬ ಹಳ್ಳಿಗೆ ಹೋಗಿ ಬಂದರು. ಅವರ ತಾಯಿ ಲಿಲಿಯನ್ ಕಾರ್ಟರ್ 1960ರ ದಶಕದ ಕೊನೆಯಲ್ಲಿ ಮುಂಬಯಿಯ ವಿಖ್ರೋಲಿಯಲ್ಲಿ ಶಾಂತಿದಳದ ದಾದಿಯಾಗಿ ಕೆಲಸ ಮಾಡಿದ್ದವರು. ಅದೂ ತಮ್ಮ ಅರುವತ್ತೆಂಟನೆಯ ವಯಸ್ಸಿನಲ್ಲಿ ಹೊರಟುಬಂದು. ಹಳ್ಳಿಯವರು ಅಧ್ಯಕ್ಷರ ಭೇಟಿಯ ನೆನಪಿಗಾಗಿ ತಮ್ಮ ಊರಿಗೆ ‘ಕಾರ್ಟರ್‌ಪುರಿ’ ಎಂದು ಹೆಸರಿಟ್ಟರು.

ಅತ್ತ ಟೆಹರಾನಿನಲ್ಲಿ? ಔತಣ ಮುಗಿದು ಹತ್ತು ದಿನ ಕಳೆಯುವುದರೊಳಗೆ ಕೋಮ್ ನಗರದಲ್ಲಿ ಷಾ ವಿರುದ್ಧ ಜನ ಎದ್ದರು. ಒಂದು ವರ್ಷದಲ್ಲಿ ಷಾ ದೇಶವನ್ನೇ ಬಿಟ್ಟರು. ಕಾಯಿಲೆಯ ಚಿಕಿತ್ಸೆಗೆಂದು ಅವರನ್ನು ಅಮೆರಿಕಕ್ಕೆ ಬರಗೊಟ್ಟ ಮೇಲೆ, 1979ರ ನವೆಂಬರ್ 4ರಂದು, ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿದರು. 52 ಮಂದಿ 444 ದಿನ ಒತ್ತೆಯಾಳುಗಳಾಗಿ ಉಳಿದರು. ಮಾನವ ಹಕ್ಕುಗಳ ವಿಷಯವನ್ನು ಕಾರ್ಟರರಷ್ಟು ಒತ್ತಿ ಹೇಳಿದ ಅಧ್ಯಕ್ಷರು ಅವರಿಗೆ ಹಿಂದೆ ಯಾರೂ ಇರಲಿಲ್ಲ. ಆದರೂ ಟೆಹರಾನಿನ ಬೀದಿಗಳಲ್ಲಿ ಅವರ ಪ್ರತಿಕೃತಿಯನ್ನೇ ಸುಟ್ಟರು. ಏಕೆ? ಅಲ್ಲಿಯ ಖಾತೆಯ ಮೊದಲ ಪುಟ 1953ರ ಆಗಸ್ಟಿನದು. ತೈಲವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮೊಸಾದ್ದೆಗ್‌ರನ್ನು ಬ್ರಿಟನ್ನಿನ ಮತ್ತು ಅಮೆರಿಕದ ಗುಪ್ತಚರರು ಕೂಡಿ ಉರುಳಿಸಿದ್ದರು. ಆಗ ಅಧ್ಯಕ್ಷರಾಗಿದ್ದವರು ಐಸೆನ್‌ಹೋವರ್. ಅಮೆರಿಕದ ಸಾಮಾನ್ಯ ಪ್ರಜೆಗೆ ಆ ಹೆಸರೇ ತಿಳಿದಿರಲಿಲ್ಲ. ಇರಾನಿನ ಪ್ರಜೆ ಅದನ್ನು ಮರೆತಿರಲಿಲ್ಲ. ಇಪ್ಪತ್ತಾರು ವರ್ಷಗಳ ಬಡ್ಡಿಯನ್ನು ಕಾರ್ಟರ್ ತೆತ್ತರು. ನಮ್ಮ ಹರಿಯಾಣದ ಹಳ್ಳಿಯವರಿಗಾದರೋ ಹಳೆಯ ಬಾಕಿ ಯಾವುದೂ ಇರಲಿಲ್ಲ. ಬಂದ ಅತಿಥಿಯನ್ನು ಅತಿಥಿಯಾಗಿಯೇ ನೋಡಿದರು.

ಲ್ಯಾಟಿನ್ ಅಮೆರಿಕದಲ್ಲಿಯೂ ಇದೇ ಬಗೆ. 1958ರ ಮೇ ತಿಂಗಳಲ್ಲಿ, ಆಗ ಉಪಾಧ್ಯಕ್ಷರಾಗಿದ್ದ ನಿಕ್ಸನ್ ವೆನೆಜುವೆಲದ ಕರಕಾಸಿಗೆ ಹೋದಾಗ ಜನ ಅವರ ಕಾರನ್ನು ಮುತ್ತಿ ಗಾಜು ಒಡೆದರು. ಇದೆಲ್ಲ ಕಮ್ಯುನಿಸ್ಟರ ಪಿತೂರಿ ಎಂದು ವಾಷಿಂಗ್ಟನ್ನಿನಲ್ಲಿ ಹೇಳಿದರು. ಪಿತೂರಿ ಇದ್ದಿರಲೂಬಹುದು. ಆದರೆ ಆ ದೇಶವನ್ನು ಹಿಂಸಿಸಿದ ಸರ್ವಾಧಿಕಾರಿ ಪೆರೆಜ್ ಹಿಮೆನೆಜ್‌ಗೆ 1954ರಲ್ಲಿ ಐಸೆನ್‌ಹೋವರ್ ಸರ್ಕಾರ ಗೌರವಪದಕವನ್ನು ಕೊಟ್ಟಿತ್ತು. ಅವನನ್ನು ಜನ ಓಡಿಸಿದ ಮೇಲೆ ಆಶ್ರಯವನ್ನೂ ಕೊಟ್ಟಿತ್ತು. ಕಲ್ಲೆಸೆದವರಿಗೆ ಆ ಪದಕದ ನೆನಪಿತ್ತು. ಮೂರು ವರ್ಷದ ಮೇಲೆ ನೆರೆಯ ಕೊಲಂಬಿಯದ ಬೊಗೊಟಾಕ್ಕೆ ಕೆನೆಡಿ ದಂಪತಿಗಳು ಹೋದಾಗ ಅದೇ ಖಂಡದ ಜನ ಬೀದಿಯುದ್ದಕ್ಕೂ ನಿಂತು ಹರ್ಷಿಸಿದರು. ಬಡವರಿಗೆ ಮನೆ ಕಟ್ಟಿಸುವ ಯೋಜನೆಯೊಂದಕ್ಕೆ ಕೆನೆಡಿ ಅಲ್ಲಿ ಅಡಿಗಲ್ಲಿಟ್ಟರು. ಅವರ ಹತ್ಯೆಯಾದ ಮೇಲೆ ಆ ಬಡಾವಣೆಗೆ ಅವರ ಹೆಸರನ್ನೇ ಇಟ್ಟರು. ಇಂದಿಗೂ ಬೊಗೊಟಾ ನಗರದ ಆ ಭಾಗ ‘ಕೆನೆಡಿ’. ಅದೇ ಕೆನೆಡಿಯವರನ್ನು ಕ್ಯೂಬದ ಜನ ಯಾವುದಕ್ಕಾಗಿ ನೆನೆಯುತ್ತಾರೆಂಬುದನ್ನು ಹೇಳಬೇಕಾಗಿಲ್ಲ. 1961ರ ಏಪ್ರಿಲ್‌ನಲ್ಲಿ ಅವರ ಕಡಲತೀರಕ್ಕೆ ಬಂದಿಳಿದದ್ದು ಅಡಿಗಲ್ಲಲ್ಲ.

ಇನ್ನು ನಮ್ಮ ದೇಶ. ನಮ್ಮ ಅಭಿಪ್ರಾಯ ಏರಿಳಿದಿರುವ ಬಗೆಯನ್ನು ನೋಡಿದರೆ ಖಾತೆಯ ಜೊತೆಗೆ ಇನ್ನೊಂದು ಅಂಶವೂ ಸ್ಪಷ್ಟವಾಗುತ್ತದೆ. ಅದು ನೆರೆಯವರ ಭಯ. 1954ರಲ್ಲಿ ಅಮೆರಿಕ ಪಾಕಿಸ್ತಾನಕ್ಕೆ ಶಸ್ತ್ರಾಸ್ತ್ರ ಕೊಡಲೊಪ್ಪಿದಾಗ ಐಸೆನ್‌ಹೋವರರ ಹೆಸರೆತ್ತಿದರೆ ನಮ್ಮವರಿಗೆ ಸಿಟ್ಟು. 1959ರ ಡಿಸೆಂಬರ್‌ನಲ್ಲಿ ಅವರು ದೆಹಲಿಗೆ ಬಂದಾಗ ರಾಮಲೀಲಾ ಮೈದಾನದಲ್ಲಿ ಜನಸಮುದ್ರ. ಮನುಷ್ಯ ಅದೇ, ಶಸ್ತ್ರಗಳೂ ಅವೇ. ನಡುವೆ ಆದದ್ದೇನೆಂದರೆ, ಲಡಾಖಿನ ಗಡಿಯಲ್ಲಿ ಚೀನೀಯರ ಗುಂಡಿಗೆ ನಮ್ಮ ಪೊಲೀಸರು ಬಲಿಯಾಗಿದ್ದರು. ಆರು ತಿಂಗಳ ಮೇಲೆ ಅದೇ ಐಸೆನ್‌ಹೋವರರು ಟೋಕಿಯೋಗೆ ಹೋಗಬೇಕಾಗಿತ್ತು, ಹೋಗಲಾಗಲಿಲ್ಲ. ಅಮೆರಿಕದ ಜೊತೆಗಿನ ರಕ್ಷಣಾ ಒಪ್ಪಂದದ ವಿರುದ್ಧ ಅಲ್ಲಿ ಲಕ್ಷಾಂತರ ಜನ ಬೀದಿಯಲ್ಲಿದ್ದರು, 1960ರ ಜೂನ್ 15ರ ಗಲಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಸತ್ತಳು. ಭೇಟಿ ರದ್ದಾಯಿತು, ಪ್ರಧಾನಿ ಕಿಶಿ ಅಧಿಕಾರ ಬಿಡಬೇಕಾಯಿತು. ಹೊರಗಿನ ಜನಾಭಿಪ್ರಾಯಕ್ಕೆ ಬೆಲೆಯೇ ಇಲ್ಲವೆನ್ನುವವರು ಈ ಪ್ರಸಂಗವನ್ನು ನೆನೆಯಬೇಕು.

ಲಿಂಡನ್ ಜಾನ್ಸನ್ನರ ಕಾಲಕ್ಕೆ ನಾನು ಪ್ರಾಥಮಿಕ ಶಾಲೆಯ ಹುಡುಗ. ಅಧ್ಯಕ್ಷರ ಹೆಸರು ಗೊತ್ತಾಗುವ ಮೊದಲು ಅವರ ಗೋಧಿ ಗೊತ್ತಾಯಿತು. ಪಡಿತರದಂಗಡಿಯಲ್ಲಿ ಕೊಡುತ್ತಿದ್ದ ಆ ಗೋಧಿಯನ್ನು ಮನೆಗೆ ತಂದರೆ, ರಾಗಿ ಅಕ್ಕಿಗಳ ರುಚಿ ಹಿಡಿದಿದ್ದ ಹಿರಿಯರು ಮೂಗು ಮುರಿಯುತ್ತಲೇ ಉಣ್ಣುತ್ತಿದ್ದರು. 1965 ಮತ್ತು 1966, ಎರಡು ವರ್ಷವೂ ಮಳೆ ಕೈಕೊಟ್ಟಿತ್ತು. 1966ರಲ್ಲಿ ಅಮೆರಿಕದಿಂದ ಬಂದ ಧಾನ್ಯ ಸುಮಾರು ಎಂಬತ್ತು ಲಕ್ಷ ಟನ್ನು. ಆ ಗೋಧಿ ಇಲ್ಲದಿದ್ದರೆ ಎಷ್ಟು ಜೀವ ಹೋಗುತ್ತಿದ್ದುವೋ. ಆದರೆ ಜಾನ್ಸನ್ನರು ಅದನ್ನು ವರ್ಷದ ಲೆಕ್ಕದಲ್ಲಿ ಒಪ್ಪಿಸದೆ ತಿಂಗಳ ಲೆಕ್ಕದಲ್ಲಿ, ಹಡಗು ಹಡಗಾಗಿ, ಬಿಗಿಹಿಡಿದು ಕೊಟ್ಟರು. ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ಇಂದಿರಾ ಗಾಂಧಿಯವರು ಟೀಕಿಸಿದ್ದು ಅವರಿಗೆ ಸಹನೆಯಾಗಲಿಲ್ಲ. ಅನ್ನವಿಟ್ಟ ಕೈಯ ಬಗ್ಗೆ ಕೃತಜ್ಞತೆ ಹುಟ್ಟಬೇಕಾದಲ್ಲಿ ನಮ್ಮಲ್ಲಿ ಅವಮಾನದ ಭಾವ ಉಳಿದದ್ದು ಇದರಿಂದ. ನಮ್ಮ ಹೊಲಗಳ ಬದುಗಳನ್ನು ಆಕ್ರಮಿಸಿರುವ ಪಾರ್ಥೇನಿಯಂ ಕಳೆ ಅಮೆರಿಕದ ಗೋಧಿಯ ಜೊತೆಯಲ್ಲಿಯೇ ಬಂದಿತೆಂದು ನಮ್ಮ ರೈತರು ಈಗಲೂ ಹೇಳುತ್ತಾರೆ. ಸಸ್ಯಶಾಸ್ತ್ರಜ್ಞರು ಈ ಮಾತನ್ನು ಪೂರ್ತಿ ಒಪ್ಪದೆ ಇರಬಹುದು. ಆದರೆ ಜನದ ನೆನಪು ಹೊಟ್ಟೆ ತುಂಬಿದ ಗೋಧಿಗಿಂತ ಮೈ ತುರಿಸುವ ಗಿಡವನ್ನೇ ಹಿಡಿದುಕೊಂಡಿದೆ, ನೋಡಿ!

1971ರ ಡಿಸೆಂಬರ್‌ನಲ್ಲಿ ನಿಕ್ಸನ್ನರು ಬಂಗಾಳ ಕೊಲ್ಲಿಗೆ ‘ಎಂಟರ್‌ಪ್ರೈಸ್’ ಎಂಬ ವಿಮಾನವಾಹಕ ನೌಕೆಯನ್ನು ಅಟ್ಟಿದಾಗ ಈ ಭಾವ ಕ್ರೋಧವಾಗಿ ಮಾರ್ಪಟ್ಟಿತು. ಪೂರ್ವ ಬಂಗಾಳದಿಂದ ನಮ್ಮಲ್ಲಿಗೆ ಓಡಿಬಂದಿದ್ದ ನಿರಾಶ್ರಿತರು ಒಂದು ಕೋಟಿಗೆ ಹತ್ತಿರ. ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು, ಅಲ್ಲಿ ನಡೆಯುತ್ತಿದ್ದ ನರಮೇಧವನ್ನು ಕಂಡೂ ತಮ್ಮ ಸರ್ಕಾರ ಬಾಯಿ ಮುಚ್ಚಿಕೊಂಡಿರುವುದನ್ನು ಖಂಡಿಸಿ, ಏಪ್ರಿಲ್ 6ರಂದೇ ತಂತಿ ಕಳುಹಿಸಿದ್ದರು. ಸೆನೆಟರ್ ಎಡ್ವರ್ಡ್ ಕೆನೆಡಿ ಆಗಸ್ಟಿನಲ್ಲಿ ನಿರಾಶ್ರಿತರ ಶಿಬಿರಗಳನ್ನು ಸುತ್ತಿ ನೋಡಿದರು. ನ್ಯೂಯಾರ್ಕಿನಲ್ಲಿ ನಮ್ಮ ರವಿಶಂಕರರು ಜಾರ್ಜ್ ಹ್ಯಾರಿಸನ್ನರೊಡನೆ ಸೇರಿ ನಿರಾಶ್ರಿತರಿಗಾಗಿ ಸಂಗೀತ ಕಛೇರಿ ನಡೆಸಿದಾಗ ಅಮೆರಿಕದ ತರುಣರು ಸಾವಿರ ಸಾವಿರವಾಗಿ ನೆರೆದರು. ಅಧ್ಯಕ್ಷ ಬೇರೆ, ಜನ ಬೇರೆ ಎಂಬ ವಿವೇಕವನ್ನು ಭಾರತೀಯರು ಅಂದು ಕಳೆದುಕೊಳ್ಳಲಿಲ್ಲವೆಂಬುದು ನನಗೆ ಸಮಾಧಾನದ ಸಂಗತಿ. ಇದೇ ನಿಕ್ಸನ್ನರು ಮುಂದಿನ ಫೆಬ್ರವರಿಯಲ್ಲಿ ಪೀಕಿಂಗಿಗೆ ಹೋಗಿ ಮಾವೋ ಅವರ ಕೈ ಕುಲುಕಿದರು. ವಾಟರ್‌ಗೇಟ್ ಹಗರಣದಲ್ಲಿ 1974ರಲ್ಲಿ ಪದವಿ ಬಿಟ್ಟ ಮೇಲೆ ತಮ್ಮ ದೇಶದಲ್ಲಿ ಮುಖ ತೋರಿಸುವುದೇ ಕಷ್ಟವಾಗಿದ್ದಾಗ, 1976ರಲ್ಲಿ ಚೀನ ಅವರನ್ನು ಮರ್ಯಾದೆಯಿಂದ ಕರೆಸಿಕೊಂಡಿತು. ತಮ್ಮವರಿಗೆ ಅಪರಾಧಿ, ನಮಗೆ ಶತ್ರು, ಚೀನಕ್ಕೆ ಹಳೆಯ ಮಿತ್ರ! ಮೂರೂ ಅವರವರ ದೃಷ್ಟಿಯಿಂದ ಸರಿಯೇ.

ಜನಾಭಿಪ್ರಾಯವನ್ನು ಅಳೆಯುವ ಕ್ರಮವನ್ನು ಕುರಿತು ಒಂದು ಮಾತು. ವಿಲ್ಸನ್ನರ ಕಾಲದಲ್ಲಿ ಗುಂಪನ್ನು ನೋಡಿ, ಪತ್ರಿಕೆಗಳನ್ನು ಓದಿ ಊಹಿಸುತ್ತಿದ್ದರು. 1953ರಲ್ಲಿ ಅಮೆರಿಕ ಸರ್ಕಾರ ಹೊರದೇಶಗಳಲ್ಲಿ ಪ್ರಚಾರಕ್ಕಾಗಿ ಒಂದು ವಾರ್ತಾ ಸಂಸ್ಥೆಯನ್ನು ಸ್ಥಾಪಿಸಿ, ಹೊರಗಿನ ಜನ ತನ್ನನ್ನು ಕುರಿತು ಏನು ಭಾವಿಸುತ್ತಾರೆಂಬುದನ್ನು ಗುಟ್ಟಾಗಿ ಸಮೀಕ್ಷೆ ಮಾಡಿಸತೊಡಗಿತು. 1960ರ ಚುನಾವಣೆಯ ಹೊತ್ತಿನಲ್ಲಿ ಆ ಗುಟ್ಟು ಹೊರಬಿದ್ದು, ಅಮೆರಿಕದ ಪ್ರತಿಷ್ಠೆ ಇಳಿದಿದೆಯೆಂಬುದನ್ನು ಕೆನೆಡಿಯವರು ನಿಕ್ಸನ್ನರ ವಿರುದ್ಧ ಬಳಸಿಕೊಂಡರು. ಹೊರಗಿನವರ ಮತ ಹೀಗೆ ಒಮ್ಮೆ ಒಳಗಿನ ಚುನಾವಣೆಯನ್ನು ಹೊಕ್ಕಿತು. ಆ ಸಂಸ್ಥೆ ನಮ್ಮಲ್ಲಿ ಹಂಚುತ್ತಿದ್ದ ‘ಸ್ಪ್ಯಾನ್’ ಮಾಸಪತ್ರಿಕೆಯ ನುಣುಪಾದ ಹಾಳೆಗಳನ್ನು ನನ್ನ ವಯಸ್ಸಿನವರು ಪಠ್ಯಪುಸ್ತಕಗಳಿಗೆ ರಟ್ಟು ಹಾಕಲು ಬಳಸಿದ್ದುಂಟು, ಓದಿದ್ದೂ ಉಂಟು. 1999ರಲ್ಲಿ ಸಂಸ್ಥೆಯನ್ನೇ ಮುಚ್ಚಿದರು. ಇತ್ತೀಚಿನ ಲೆಕ್ಕಗಳೆಲ್ಲ ಬಹುಮಟ್ಟಿಗೆ ವಾಷಿಂಗ್ಟನ್ನಿನ ಪ್ಯೂ ಎಂಬ ಖಾಸಗಿ ಸಂಶೋಧನಾ ಕೇಂದ್ರದವು. ಮನೆ ಬಾಗಿಲಿಗೆ ಬಂದ ಅಪರಿಚಿತನಿಗೆ ಪ್ರಜಾಪ್ರಭುತ್ವವಿರುವ ದೇಶದವನು ಕೊಡುವ ಉತ್ತರವೂ ಇಲ್ಲದ ದೇಶದವನು ಕೊಡುವ ಉತ್ತರವೂ ಒಂದೇ ತೂಕದವಲ್ಲ ಎಂಬುದನ್ನು ಮರೆಯದಿದ್ದರೆ ಈ ಅಂಕಿಗಳಿಂದ ತಿಳಿಯುವುದು ಸಾಕಷ್ಟಿದೆ.

ಜರ್ಮನಿಯ ಅಂಕಿಯನ್ನು ನೋಡಿ. 2008ರಲ್ಲಿ ಕಿರಿಯ ಬುಷ್ಷರಲ್ಲಿ ವಿಶ್ವಾಸವಿದೆಯೆಂದವರು ನೂರಕ್ಕೆ 14. ಮರುವರ್ಷ ಒಬಾಮಾರಲ್ಲಿ ವಿಶ್ವಾಸವಿದೆಯೆಂದವರು ನೂರಕ್ಕೆ 93. ಒಂದು ವರ್ಷದಲ್ಲಿ ಅಮೆರಿಕದ ಸೇನೆ, ನೆಲೆಗಳು, ಹಿತಾಸಕ್ತಿಗಳು ಅಷ್ಟೊಂದು ಬದಲಾಗಿರಲಿಲ್ಲ. ವ್ಯಕ್ತಿಯ ಪಾಲು ಚಿಕ್ಕದೆಂದು ನಾನು ಮೊದಲು ಹೇಳಿದ್ದಕ್ಕೆ ಇದು ವಿರುದ್ಧವಾಗಿ ಕಾಣುತ್ತದೆ. ಆದರೆ ಜರ್ಮನರಿಗೆ ಬುಷ್ ಎಂದರೆ ಇರಾಕ್ ಯುದ್ಧ. ಆ ಯುದ್ಧವನ್ನು ಆರಂಭದಲ್ಲಿಯೇ ವಿರೋಧಿಸಿದ್ದವರು ಒಬಾಮಾ. 2003ರ ಫೆಬ್ರವರಿ 15ರಂದು ರೋಮ್, ಲಂಡನ್, ಬರ್ಲಿನ್ ಮೊದಲಾದ ನೂರಾರು ನಗರಗಳಲ್ಲಿ ಜನ ಆ ಯುದ್ಧ ಬೇಡವೆಂದು ನಡೆದಿದ್ದರು. ನಡೆದವರ ಮಾತು ನಡೆಯಲಿಲ್ಲ, ಯುದ್ಧ ನಡೆಯಿತು. ಎರಡು ವಾರದ ಮೇಲೆ, ಮಾರ್ಚ್ 1ರಂದು, ತುರ್ಕಿಯ ಪಾರ್ಲಿಮೆಂಟು ಮಾತ್ರ ತನ್ನ ಜನರ ಮಾತನ್ನು ಕೇಳಿ ಅಮೆರಿಕದ ಸೇನೆಗೆ ದಾರಿ ಬಿಡಲೊಲ್ಲೆನೆಂದಿತು. ಉತ್ತರದಿಂದ ಇರಾಕಿಗೆ ನುಗ್ಗುವ ಯೋಜನೆಯನ್ನು ಅಮೆರಿಕ ಕೈಬಿಡಬೇಕಾಯಿತು.

ಅದೇ 2008ರಲ್ಲಿ, ಜರ್ಮನರಲ್ಲಿ ನೂರಕ್ಕೆ ಹದಿನಾಲ್ಕು ಮಂದಿ ನಂಬಿದ್ದ ಅದೇ ಬುಷ್ಷರಿಗೆ, ಭಾರತದ ಜನ ನಿಮ್ಮನ್ನು ಗಾಢವಾಗಿ ಪ್ರೀತಿಸುತ್ತಾರೆಂದು ನಮ್ಮ ಪ್ರಧಾನಿ ಮನಮೋಹನ ಸಿಂಗರು ವಾಷಿಂಗ್ಟನ್ನಿನಲ್ಲಿ ಹೇಳಿದರು. ಆಗ ನಮ್ಮಲ್ಲಿ ಅನೇಕರು ನಕ್ಕರು, ಕೆಲವರು ಸಿಟ್ಟಾದರು. ನನಗೂ ಆ ಮಾತು ಅತಿಯಾಯಿತೆಂದೇ ತೋರಿತ್ತು. ಆದರೂ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಭಾರತದ ಮೇಲೆ ಹೇರಿದ್ದ ಅಣುಬಹಿಷ್ಕಾರವನ್ನು ಬಿಡಿಸಿದವರು ಬುಷ್ ಎಂಬುದು ಸುಳ್ಳಲ್ಲ. ಆಲ್ಬೇನಿಯದ ಫುಷೆ ಕ್ರುಯೆ ಎಂಬ ಸಣ್ಣ ಊರಿನಲ್ಲಿ ಅವರ ಪ್ರತಿಮೆಯಿದೆ. ಅದರ ನೆರೆಯ ಕೊಸೊವೊದ ಪ್ರಿಸ್ಟಿನಾದಲ್ಲಿ ಕ್ಲಿಂಟನ್ನರ ಪ್ರತಿಮೆ. 1999ರಲ್ಲಿ ಅವರ ಬಾಂಬುಗಳು ತಮ್ಮನ್ನು ಉಳಿಸಿದುವೆಂಬುದು ಅಲ್ಲಿಯವರ ನಂಬಿಕೆ. ಆ ಬಾಂಬುಗಳು 78 ದಿನ ಬಿದ್ದ ಸೆರ್ಬಿಯದಲ್ಲಿ ಅದೇ ಹೆಸರನ್ನು ಬೇರೆ ದನಿಯಲ್ಲಿ ಉಚ್ಚರಿಸುತ್ತಾರೆ. ರೇಗನ್ನರ ಅಣ್ವಸ್ತ್ರಗಳ ವಿರುದ್ಧ 1981ರ ಅಕ್ಟೋಬರ್ 10ರಂದು ಪಶ್ಚಿಮ ಜರ್ಮನಿಯ ಬಾನ್ ನಗರದಲ್ಲಿ ಸುಮಾರು ಮೂರು ಲಕ್ಷ ಜನ ಸೇರಿದ್ದರು; ಪೋಲಂಡಿನ ವಾರ್ಸಾದಲ್ಲಿ 2011ರಲ್ಲಿ ರೇಗನ್ನರ ಪ್ರತಿಮೆಯನ್ನು ಅನಾವರಣ ಮಾಡಿದವರು ಕಾರ್ಮಿಕ ನಾಯಕ ಲೆಕ್ ವಲೆನ್ಸಾ. ಬಾನಿನವನಿಗೆ ಕ್ಷಿಪಣಿ ಬಂದು ನಿಲ್ಲುವುದು ತನ್ನ ಅಂಗಳದಲ್ಲಿ. ವಾರ್ಸಾದವನ ಅಂಗಳದಲ್ಲಿ ಆಗಲೇ ಬಂದು ನಿಂತಿದ್ದುದು ರಷ್ಯದ ದರ್ಪ.

2017ರಲ್ಲಿ ಟ್ರಂಪ್ ಮೊದಲ ಸಲ ಅಧಿಕಾರಕ್ಕೆ ಬಂದಾಗ 37 ದೇಶಗಳಲ್ಲಿ ಕೇಳಿದ ಪ್ರಶ್ನೆಗೆ, ಅವರಲ್ಲಿ ಭರವಸೆಯಿಟ್ಟವರು ಮಧ್ಯಮಾನದಲ್ಲಿ ನೂರಕ್ಕೆ 22. ಒಬಾಮಾರ ಕೊನೆಯ ವರ್ಷಗಳಲ್ಲಿ ಅದು 64 ಇತ್ತು. ಒಬಾಮಾರಿಗಿಂತ ಟ್ರಂಪರನ್ನು ಹೆಚ್ಚು ನಂಬಿದ ದೇಶಗಳು ಎರಡೇ: ರಷ್ಯ, ಇಸ್ರೇಲ್. ಎರಡನೆಯ ಸಲ ಅವರು ಬಂದ ಮೇಲೆ, ಕೆನಡ ತಮ್ಮ ದೇಶದ ಐವತ್ತೊಂದನೆಯ ರಾಜ್ಯವಾಗಲೆಂದು ಆಡಿದ ಮಾತು, ಹಾಕಿದ ಸುಂಕ, ಆ ದೇಶದ ಚುನಾವಣೆಯನ್ನೇ ತಿರುಗಿಸಿದುವು. 2025ರ ಜನವರಿಯಲ್ಲಿ ಸೋಲು ನಿಶ್ಚಿತವೆನಿಸಿದ್ದ ಲಿಬರಲ್ ಪಕ್ಷ ಏಪ್ರಿಲ್ 28ರಂದು ಗೆದ್ದಿತು. ನಮ್ಮ ಅಹಮದಾಬಾದಿನ ಕ್ರೀಡಾಂಗಣದಲ್ಲಿ 2020ರ ಫೆಬ್ರವರಿಯಲ್ಲಿ ಲಕ್ಷಕ್ಕೂ ಮಿಕ್ಕ ಜನ ಇದೇ ಟ್ರಂಪರನ್ನು ಜಯಘೋಷದಿಂದ ಸ್ವಾಗತಿಸಿದ್ದರು. 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿಗೆ ಅವರು ವಿಧಿಸಿದ ಸುಂಕ ನೂರಕ್ಕೆ ಐವತ್ತಕ್ಕೇರಿತು. ಸೆಪ್ಟೆಂಬರ್‌ನಲ್ಲಿ ‘ಎಚ್-1ಬಿ’ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರಿನ ಶುಲ್ಕವನ್ನು ಘೋಷಿಸಿದರು. ಬೆಂಗಳೂರಿನ ಜಯನಗರ, ಮಲ್ಲೇಶ್ವರಗಳ ಮನೆಗಳಲ್ಲಿ ವಿದೇಶಾಂಗ ನೀತಿಯೆಂದರೆ ಈಗ ಮಗಳ ಅಥವಾ ಅಳಿಯನ ವೀಸಾ. ಇದನ್ನು ಕ್ಷುದ್ರವೆಂದು ಹಳಿಯಲು ನನಗೆ ಮನಸ್ಸಿಲ್ಲ. ಟೆಹರಾನಿನವನಿಗೆ ತೈಲ, ಬಾನಿನವನಿಗೆ ಕ್ಷಿಪಣಿ, ನಮ್ಮ ತಂದೆ ತಾಯಿಗಳಿಗೆ ಗೋಧಿ. ಎಲ್ಲರೂ ಮನೆಯ ಹೊಸ್ತಿಲಲ್ಲಿ ನಿಂತೇ ಲೋಕವನ್ನು ನೋಡುವುದು.

ಕೊನೆಗೆ ವಿಯೆಟ್ನಾಮು. ಪ್ಯಾರಿಸಿನಲ್ಲಿ ಮನವಿ ಕೊಟ್ಟ ಯುವಕ 1945ರ ಸೆಪ್ಟೆಂಬರ್ 2ರಂದು ಹನೋಯಿಯಲ್ಲಿ ತನ್ನ ದೇಶದ ಸ್ವಾತಂತ್ರ್ಯವನ್ನು ಸಾರಿದಾಗ, ಘೋಷಣೆಯ ಮೊದಲಲ್ಲಿಯೇ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮಾತುಗಳನ್ನು ಉದ್ಧರಿಸಿದ್ದ. ಅಧ್ಯಕ್ಷ ಟ್ರೂಮನ್ನರಿಗೆ ಪತ್ರಗಳನ್ನೂ ಬರೆದ, ಉತ್ತರ ಬರಲಿಲ್ಲ. ಬಂದದ್ದು ಫ್ರೆಂಚರ ಯುದ್ಧಕ್ಕೆ ಅಮೆರಿಕದ ಹಣ, ಅನಂತರ ಅಮೆರಿಕದ್ದೇ ಸೈನ್ಯ, ವಿಮಾನ, ಕಾಡುಗಳನ್ನು ಒಣಗಿಸುವ ವಿಷ. ಐವರು ಅಧ್ಯಕ್ಷರ ಅವಧಿಯಲ್ಲಿ ಹಬ್ಬಿದ ಆ ಯುದ್ಧದಲ್ಲಿ ಸತ್ತ ವಿಯೆಟ್ನಾಮಿಗಳು ಲಕ್ಷಗಟ್ಟಲೆ. ಖಾತೆಯ ಲೆಕ್ಕವೇ ನಡೆಯುವುದಾದರೆ ಅಮೆರಿಕದ ಅಧ್ಯಕ್ಷನನ್ನು ಲೋಕದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ದ್ವೇಷಿಸಬೇಕಾದ ಜನ ಅವರು.

ಆದದ್ದು ಬೇರೆ. ಯುದ್ಧ ಮುಗಿದು ಇಪ್ಪತ್ತೈದು ವರ್ಷಗಳಾದ ಮೇಲೆ, 2000ದ ನವೆಂಬರ್‌ನಲ್ಲಿ, ಕ್ಲಿಂಟನ್ ಹನೋಯಿಗೆ ಹೋದಾಗ ಜನ ನಡುರಾತ್ರಿಯಲ್ಲಿ ಬೀದಿಗೆ ಬಂದು ನಿಂತರು. 2017ರ ಸಮೀಕ್ಷೆಯಲ್ಲಿ ಅಮೆರಿಕವನ್ನು ಮೆಚ್ಚುತ್ತೇವೆಂದ ವಿಯೆಟ್ನಾಮಿಗಳು ನೂರಕ್ಕೆ 84. ಬಹುಪಾಲು ಜನ ಯುದ್ಧದ ಅನಂತರ ಹುಟ್ಟಿದವರೆಂಬುದು ಒಂದು ಕಾರಣ. ಇನ್ನೊಂದು ಉತ್ತರದ ನೆರೆಯವನು. ಅಮೆರಿಕ ಅವರೊಡನೆ ಇಪ್ಪತ್ತು ವರ್ಷ ಕಾದಿರಬಹುದು, ಚೀನದೊಡನೆ ಅವರ ವೈರ ಸಾವಿರ ವರ್ಷಗಳಿಗೂ ಹಿಂದಿನದು. 1979ರಲ್ಲಿ ಚೀನದ ಸೇನೆ ಗಡಿ ದಾಟಿ ಬಂದಿತ್ತು. 2014ರಲ್ಲಿ ಅವರು ತಮ್ಮದೆನ್ನುವ ಕಡಲಿನಲ್ಲಿ ಚೀನ ತೈಲದ ಬಾವಿ ಕೊರೆಯಲು ಬಂದಾಗ ವಿಯೆಟ್ನಾಮಿನಲ್ಲಿ ದೊಂಬಿಗಳೇ ಆದುವು. ಹತ್ತಿರದ ಸಾಲಗಾರ ಬಾಗಿಲು ತಟ್ಟುತ್ತಿರುವಾಗ ದೂರದವನ ಬಾಕಿಯನ್ನು ಮುಂದಕ್ಕೆ ಹಾಕುವುದು ಸಂಸಾರಸ್ಥರಿಗೆ ತಿಳಿದದ್ದೇ. ಅವರು ಮರೆತಿದ್ದಾರೆಂದು ಹೇಳಲಾರೆ. ಯುದ್ಧದ ವಸ್ತುಸಂಗ್ರಹಾಲಯ ಹೋ ಚಿ ಮಿನ್ ನಗರದಲ್ಲಿ ತೆರೆದೇ ಇದೆ.

2016ರ ಮೇ ತಿಂಗಳಲ್ಲಿ ಒಬಾಮಾ ಹನೋಯಿಗೆ ಹೋಗಿ, ಶಸ್ತ್ರ ಮಾರಾಟದ ಮೇಲೆ ಉಳಿದಿದ್ದ ನಿಷೇಧವನ್ನು ತೆಗೆದುಹಾಕಿದರು. ಆ ಸಂಜೆ ಊರಿನ ಒಂದು ಸಾಮಾನ್ಯ ಹೋಟೆಲಿಗೆ ಹೋಗಿ, ಪ್ಲಾಸ್ಟಿಕ್ಕಿನ ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಅಡುಗೆಯ ವಿಷಯದ ಲೇಖಕ ಆಂಟನಿ ಬೋರ್ಡೇನ್ ಅವರೊಡನೆ ಅಲ್ಲಿಯ ಶಾವಿಗೆಯ ಊಟ ಮಾಡಿದರು. ಇಬ್ಬರ ಊಟದ ಬಿಲ್ಲು ಆರು ಡಾಲರು, ಕೊಟ್ಟವರು ಬೋರ್ಡೇನ್. ಹೋಟೆಲಿನವರು ಮುಂದೆ ಆ ಮೇಜನ್ನೂ ಸ್ಟೂಲುಗಳನ್ನೂ ಅವರು ಉಂಡ ತಟ್ಟೆ ಬಟ್ಟಲುಗಳ ಸಮೇತ ಗಾಜಿನ ಪೆಟ್ಟಿಗೆಯೊಳಗಿಟ್ಟು, ಬಂದ ಗಿರಾಕಿಗಳಿಗೆ ತೋರಿಸತೊಡಗಿದರು.